ಉಬ್ಬಸದ ದಿನಚರಿ: ಕಾಗದವೋ, ಯಂತ್ರವೋ?

ಕನ್ನಡ ನಾಡಿನ ವರ್ತಕರು ಬಹುಕಾಲದಿಂದ ದಿನವಹಿಯನ್ನು ಇರಿಸಿಕೊಂಡು ಬಂದವರು. ಕಾಗದದ ಪುಸ್ತಕಗಳು ಸುಲಭವಾಗಿ ದೊರೆಯದಿದ್ದ ಕಾಲದಲ್ಲಿ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಲೆಕ್ಕ ಬರೆದಿಡುತ್ತಿದ್ದರು. ಕಡತದ ಬರಹವನ್ನು ಒರಸಿ ಮತ್ತೆ ಬರೆಯುವುದು ಕಷ್ಟವಾಗಿರಲಿಲ್ಲ. ಆದರೂ ಆ ಬರಹಕ್ಕೆ ಲೋಕದಲ್ಲಿ ಬೆಲೆಯಿದ್ದಿತು. ಅಂದಿನ ಕೊಡುಕೊಳ್ಳುವಿಕೆಯನ್ನು ಅಂದೇ ಬರೆಯತಕ್ಕದ್ದೆಂಬ ಕಟ್ಟುಪಾಡೇ ಆ ಬೆಲೆಗೆ ಆಧಾರವಾಗಿದ್ದಿತು. ದಿನವಹಿಯೆಂಬ ಹೆಸರೇ ಇದನ್ನು ಸಾರುತ್ತದೆ. ದಿನದಿನವೂ ಬರೆಯಲ್ಪಡದ ವಹಿಯು ವಹಿಯಾಗಿರಬಹುದು, ದಿನವಹಿಯಾಗಲಾರದು.

ವರ್ತಕನ ಅಂಗಡಿಗೆ ಸಲ್ಲುತ್ತಿದ್ದ ಈ ನಿಯಮವು ಈಗ ರೋಗಿಯ ಹಾಸಿಗೆಯ ಬದಿಗೂ ಬಂದಿದೆ. ಉಬ್ಬಸದಿಂದ ನರಳುವವರಿಗೆ ತಮ್ಮ ಉಸಿರಿನ ದಿನಚರಿಯನ್ನು ಬರೆದಿಡುವಂತೆ ವೈದ್ಯರು ಹೇಳುತ್ತಾರೆ. ಇದನ್ನು ಕಾಗದದ ಮೇಲೆ ಬರೆಯುವುದು ಲೇಸೋ, ವಿದ್ಯುನ್ಮಾನ ಯಂತ್ರದಲ್ಲಿ ದಾಖಲಿಸುವುದು ಲೇಸೋ ಎಂಬ ಚರ್ಚೆ ವೈದ್ಯಲೋಕದಲ್ಲಿ ಮೂರು ದಶಕಗಳಿಂದ ನಡೆದಿದೆ. ಮೇಲ್ನೋಟಕ್ಕೆ ಇದು ಸಾಧನಗಳ ಆಯ್ಕೆಯ ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಒಳಹೊಕ್ಕು ನೋಡಿದರೆ ಇದು ಸತ್ಯನಿಷ್ಠೆಯ ಪ್ರಶ್ನೆ. ಅದರ ಮೇಲೆ ಪ್ರಾಣಗಳು ನಿಂತಿರುವುದರಿಂದ ಶಿಕ್ಷಕರೂ ತಾಯಿತಂದೆಗಳೂ ವಿದ್ಯಾರ್ಥಿಗಳೂ ಇದನ್ನು ವಿಚಾರಿಸುವುದು ಉಚಿತವಾಗಿದೆ.

ಉಬ್ಬಸವೆಂದೂ ಗೂರಲೆಂದೂ ದಮ್ಮೆಂದೂ ಬೇರೆ ಬೇರೆ ಸೀಮೆಗಳಲ್ಲಿ ಕರೆಯಲ್ಪಡುವ ವ್ಯಾಧಿಯೇ ಆಧುನಿಕ ವೈದ್ಯದ ಆಸ್ತಮಾ. ಚರಕಸಂಹಿತೆಯು ಶ್ವಾಸರೋಗವನ್ನು ಮಹಾಶ್ವಾಸ, ಊರ್ಧ್ವಶ್ವಾಸ, ಛಿನ್ನಶ್ವಾಸ, ತಮಕಶ್ವಾಸ, ಕ್ಷುದ್ರಶ್ವಾಸ ಎಂದು ಐದು ಬಗೆಯಾಗಿ ವಿಂಗಡಿಸಿದೆ. ಇವುಗಳಲ್ಲಿ ತಮಕಶ್ವಾಸದ ಲಕ್ಷಣಗಳು ಇಂದಿನ ಆಸ್ತಮಾಕ್ಕೆ ಬಹಳ ಹತ್ತಿರದವು. ಮಲಗಿದರೆ ಬಾಧೆ ಹೆಚ್ಚುವುದು, ಎದ್ದು ಕುಳಿತರೆ ಹಿತವೆನಿಸುವುದು, ಮೋಡ ಮುಸುಕಿದಾಗಲೂ ಶೀತಗಾಳಿ ಬೀಸಿದಾಗಲೂ ಉಲ್ಬಣಿಸುವುದು ಎಂಬೀ ವಿವರಗಳನ್ನು ಆ ಪ್ರಾಚೀನರು ಕಣ್ಣಾರೆ ಕಂಡು ಬರೆದಂತಿದೆ. ಈ ವ್ಯಾಧಿಯ ಮುಖ್ಯ ಸ್ವಭಾವವೆಂದರೆ ಚಾಂಚಲ್ಯ. ಶ್ವಾಸನಾಳಗಳು ಕೆರಳಿ, ಊದಿಕೊಂಡು, ಬಿಗಿಯುತ್ತವೆ. ಕೆಲವು ಹೊತ್ತಿನ ಮೇಲೆ ತಾವಾಗಿಯೋ ಔಷಧದಿಂದಲೋ ಸಡಿಲಗೊಳ್ಳುತ್ತವೆ. ಬೆಳಗಿನ ಜಾವದಲ್ಲಿ ಕುಳಿತೇ ಇರುಳನ್ನು ಕಳೆದ ಬಾಲಕನು ಹತ್ತು ಗಂಟೆಗೆ ವೈದ್ಯರ ಮುಂದೆ ನಿಂತಾಗ ಎದೆಯಲ್ಲಿ ಸಿಳ್ಳಿನ ಸದ್ದೇ ಕೇಳಿಸದಿರಬಹುದು. ವೈದ್ಯರು ಕಾಣುವುದು ಒಂದು ಗಳಿಗೆಯನ್ನು. ರೋಗವು ವರ್ತಿಸುವುದು ಉಳಿದ ಎಲ್ಲ ಗಳಿಗೆಗಳಲ್ಲಿ. ಆ ಕಾಣದ ಗಳಿಗೆಗಳಿಗೆ ಸಾಕ್ಷಿಯಾಗಲೆಂದೇ ದಿನಚರಿಯ ಏರ್ಪಾಟು.

ಈ ಸಾಕ್ಷಿಯ ಅಗತ್ಯವು ಕೆಲವರಿಗಷ್ಟೇ ಸೀಮಿತವೆಂದು ತಿಳಿಯಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೧೯ರಲ್ಲಿ ಜಗತ್ತಿನ ೨೬ ಕೋಟಿ ೨೦ ಲಕ್ಷ ಜನರು ಈ ವ್ಯಾಧಿಗೆ ಒಳಗಾಗಿದ್ದರು. ಆ ವರ್ಷ ಇದರಿಂದ ಸತ್ತವರು ೪ ಲಕ್ಷ ೫೫ ಸಾವಿರ. ಕನ್ನಡ ನಾಡಿನ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿನ ಮಕ್ಕಳ ಶ್ವಾಸತಜ್ಞರಾದ ಡಾ. ಎಚ್. ಪರಮೇಶ್ ಅವರು ಪ್ರಕಟಿಸಿದ ವರದಿಯಲ್ಲಿ ಆ ನಗರದಲ್ಲಿ ಪರೀಕ್ಷಿಸಲಾದ ಮಕ್ಕಳ ಪೈಕಿ ಆಸ್ತಮಾ ಇದ್ದವರ ಪ್ರಮಾಣವು ೧೯೭೯ರಲ್ಲಿ ಶೇಕಡ ೯ ಇದ್ದದ್ದು ೧೯೯೯ರ ವೇಳೆಗೆ ಶೇಕಡ ೨೯.೫ಕ್ಕೆ ಏರಿದ್ದಿತು. ಹಾಗಿರುವಾಗ ಯಾವ ಶಾಲೆಯ ಯಾವ ತರಗತಿಯಲ್ಲಾದರೂ ಇಂಥ ಒಂದೆರಡು ಮಕ್ಕಳು ಕುಳಿತಿರುವುದು ಸಹಜವೇ ಆಗಿದೆ.

ದಿನಚರಿಯಲ್ಲಿ ಬರೆಯಬೇಕಾದುದು ಬಹಳವೇನಿಲ್ಲ. ಹಗಲಿನಲ್ಲಿ ಕೆಮ್ಮು, ಉಬ್ಬಸ, ಎದೆಬಿಗಿತ ಇದ್ದಿತೇ? ಇರುಳಿನಲ್ಲಿ ಎಚ್ಚರವಾಯಿತೇ? ಕೂಡಲೇ ಉಸಿರು ಬಿಡಿಸುವ ಇನ್‌ಹೇಲರನ್ನು ಎಷ್ಟು ಸಲ ಸೇದಬೇಕಾಯಿತು? ಇವುಗಳ ಜೊತೆಗೆ ಉಸಿರಿನ ರಭಸದ ಒಂದು ಅಂಕಿ. ಈ ರಭಸವನ್ನು ಅಳೆಯುವ ಪೀಕ್ ಫ್ಲೋ ಮೀಟರನ್ನು ರೈಟ್ ಮತ್ತು ಮೆಕೆರೋ ಎಂಬ ಬ್ರಿಟನ್ನಿನ ಸಂಶೋಧಕರು ೧೯೫೯ರಲ್ಲಿ ವಿವರಿಸಿದರು. ಮುಂದೆ ಅದರ ಚಿಕ್ಕ ಅಗ್ಗದ ರೂಪ ಬಂದು ಮನೆಮನೆಯಲ್ಲಿ ಇಟ್ಟುಕೊಳ್ಳುವಂತಾಯಿತು. ತುಂಬ ಉಸಿರೆಳೆದುಕೊಂಡು ಕೊಳವೆಯೊಳಗೆ ಮೂರು ಸಲ ಬಲವಾಗಿ ಊದಿ, ಮೂರರಲ್ಲಿ ಅತ್ಯಧಿಕವಾದ ಅಂಕಿಯನ್ನು ಬರೆದುಕೊಳ್ಳುವುದು ಕ್ರಮ. ರೋಗಿಯು ಸ್ವಸ್ಥನಾಗಿದ್ದಾಗ ಊದಿದ ಅತ್ಯುತ್ತಮ ಅಂಕಿಯ ಶೇಕಡ ೮೦ಕ್ಕಿಂತ ಮೇಲಿದ್ದರೆ ಹಸುರು ವಲಯ, ೫೦ರಿಂದ ೮೦ರ ನಡುವೆ ಇದ್ದರೆ ಹಳದಿ, ೫೦ಕ್ಕಿಂತ ಕೆಳಗಿಳಿದರೆ ಕೆಂಪು. ಕೆಂಪು ವಲಯದಲ್ಲಿ ತಡಮಾಡದೆ ವೈದ್ಯರನ್ನು ಕಾಣಬೇಕು. ಈ ನಾಲ್ಕಾರು ಅಂಕಿಗಳನ್ನು ನೋಡಿ ವೈದ್ಯರು ಔಷಧವನ್ನು ಏರಿಸುತ್ತಾರೆ, ಇಳಿಸುತ್ತಾರೆ, ಬದಲಿಸುತ್ತಾರೆ. ಅಂಕಿ ಸುಳ್ಳಾದರೆ ಚಿಕಿತ್ಸೆ ದಾರಿ ತಪ್ಪುತ್ತದೆ.

ಕಾಗದದ ದಿನಚರಿಗೆ ಹಲವು ಗುಣಗಳಿವೆ. ಅದಕ್ಕೆ ವಿದ್ಯುಚ್ಛಕ್ತಿ ಬೇಡ. ಬರೆಯಲು ಬಲ್ಲ ಬಾಲಕನು ತನ್ನ ಕೈಯಿಂದಲೇ ಬರೆಯಬಹುದು. ಬರೆಯಲಾರದ ಅಜ್ಜಿಗೆ ಮೊಮ್ಮಗಳು ಬರೆದುಕೊಡಬಹುದು. ಒಂದು ತಿಂಗಳ ಏರಿಳಿತವು ಒಂದೇ ಹಾಳೆಯಲ್ಲಿ ಬೆಟ್ಟದ ಸಾಲಿನಂತೆ ಕಣ್ಣಿಗೆ ಕಟ್ಟುತ್ತದೆ. ಇಷ್ಟೆಲ್ಲ ಗುಣಗಳಿದ್ದರೂ ಅದರಲ್ಲಿ ಒಂದು ದೋಷವಿದೆ, ಆ ದೋಷವು ದೊಡ್ಡದು. ಯಾವ ದಿನದ ಸಾಲನ್ನು ಯಾವ ದಿನ ಬರೆಯಲಾಯಿತೆಂಬುದನ್ನು ಕಾಗದವು ಹೇಳಲಾರದು.

ಶಾಲೆಯ ಮೇಷ್ಟರುಗಳಿಗೆ ಈ ದೋಷವನ್ನು ವಿವರಿಸಬೇಕಾಗಿಲ್ಲ. ದಿನಕ್ಕೊಂದು ಪುಟದಂತೆ ಶುದ್ಧಬರಹ ಬರೆದು ತರಬೇಕೆಂದು ವಿಧಿಸಿದಾಗ, ಬೇಸಗೆಯ ರಜೆಯ ಕೊನೆಯ ಎರಡು ಇರುಳುಗಳಲ್ಲಿ ನಲವತ್ತು ಪುಟಗಳನ್ನು ಗೀಚಿ ಮುಗಿಸುವ ವಿದ್ಯಾರ್ಥಿಗಳು ಎಲ್ಲ ಕಾಲದಲ್ಲಿಯೂ ಇದ್ದಾರೆ. ಪ್ರತಿ ಪುಟದ ನೆತ್ತಿಯಲ್ಲಿ ಬೇರೆ ಬೇರೆ ತಾರೀಖು ಇರುತ್ತದೆ. ಮಸಿ ಮಾತ್ರ ಒಂದೇ, ಅಕ್ಷರದ ಓಟವೂ ಒಂದೇ. ದೊಡ್ಡವರು ಇದಕ್ಕೆ ಹೊರತಲ್ಲ. ವೈದ್ಯರ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕುಳಿತು ಕಳೆದ ಹದಿನೈದು ದಿನಗಳ ಉಸಿರನ್ನು ಒಂದೇ ಉಸಿರಿನಲ್ಲಿ ಬರೆದು ಮುಗಿಸುವವರೂ ಇರುತ್ತಾರೆ.

ಇದು ಕೇವಲ ಊಹೆಯಲ್ಲವೆಂಬುದಕ್ಕೆ ಪ್ರಮಾಣಗಳಿವೆ. ೧೯೯೩ರಲ್ಲಿ ಮೈಕೇಲ್ ಹೈಲೆಂಡ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಆಸ್ತಮಾ ರೋಗಿಗಳ ಬರಹದ ದಿನಚರಿಯನ್ನೂ ಯಂತ್ರದ ದಿನಚರಿಯನ್ನೂ ಹೋಲಿಸಿ ನೋಡಿ, ತಡವಾಗಿ ಬರೆಯುವ ಅಭ್ಯಾಸವನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಎತ್ತಿ ತೋರಿಸಿದರು. ೧೯೯೬ರಲ್ಲಿ ಕೆನಡಾದ ಸಂಶೋಧಕರು, ಊದಿದ ಅಂಕಿಯನ್ನೂ ವೇಳೆಯನ್ನೂ ತನ್ನೊಳಗೇ ಗುಪ್ತವಾಗಿ ಉಳಿಸಿಕೊಳ್ಳುವ ಮೀಟರುಗಳನ್ನು ರೋಗಿಗಳಿಗೆ ಕೊಟ್ಟು ಮೂರು ತಿಂಗಳು ಪರೀಕ್ಷಿಸಿದರು. ಪುಸ್ತಕದಲ್ಲಿ ಬರೆದಿದ್ದ ಅಂಕಿಗಳಲ್ಲಿ ಎಷ್ಟೋ ಅಂಕಿಗಳಿಗೆ ಯಂತ್ರದಲ್ಲಿ ಜೊತೆಯೇ ಇರಲಿಲ್ಲ. ಊದದೆಯೇ ಬರೆದವು ಅವು. ೨೦೦೧ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್ ದೇಶದ ಅಧ್ಯಯನವು ೪೦ ಮಕ್ಕಳನ್ನು ನಾಲ್ಕು ವಾರ ಹೀಗೆಯೇ ಗಮನಿಸಿತು. ಸರಿಯಾಗಿ ಬರೆಯಲ್ಪಟ್ಟ ಅಂಕಿಗಳು ಮೊದಲ ವಾರದಲ್ಲಿ ಅರ್ಧಕ್ಕಿಂತ ತುಸು ಹೆಚ್ಚಾಗಿದ್ದು, ಬಳಿಕ ಅರ್ಧಕ್ಕಿಂತ ಕಡಿಮೆಯಾದವು.

ಇವೆಲ್ಲಕ್ಕಿಂತ ಹೆಸರಾದದ್ದು ೨೦೦೨ರಲ್ಲಿ ಅಮೆರಿಕದ ಆರ್ಥರ್ ಸ್ಟೋನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಅದು ಉಬ್ಬಸದ ರೋಗಿಗಳನ್ನು ಕುರಿತದ್ದಲ್ಲ. ಬಹುದಿನದ ನೋವಿನಿಂದ ಬಳಲುತ್ತಿದ್ದ ೮೦ ಮಂದಿಯನ್ನು ಕುರಿತದ್ದು. ಆದರೂ ದಿನಚರಿಯ ಸ್ವಭಾವವನ್ನು ಅರಿಯಲು ಅದು ಕೈಗನ್ನಡಿಯಾಗಿದೆ. ಅರ್ಧ ಮಂದಿಗೆ ಕಾಗದದ ದಿನಚರಿಯನ್ನೂ ಉಳಿದ ಅರ್ಧ ಮಂದಿಗೆ ಯಂತ್ರವನ್ನೂ ಕೊಡಲಾಯಿತು. ಕಾಗದದ ಕಡತದೊಳಗೆ ಬೆಳಕನ್ನು ಗ್ರಹಿಸುವ ಸೂಕ್ಷ್ಮ ಉಪಕರಣವನ್ನು ಅಡಗಿಸಿಟ್ಟು, ಅದು ತೆರೆದ ವೇಳೆಯೂ ಮುಚ್ಚಿದ ವೇಳೆಯೂ ದಾಖಲಾಗುವಂತೆ ಮಾಡಿದ್ದರು. ಕಾಗದದವರು ಬರೆದುಕೊಟ್ಟ ತಾರೀಖು ವೇಳೆಗಳನ್ನು ನಂಬಿದರೆ ಶೇಕಡ ೯೦ರಷ್ಟು ಬರಹವು ಹೊತ್ತಿಗೆ ಸರಿಯಾಗಿ ಆಗಿದ್ದಿತು. ಅಡಗಿದ್ದ ಉಪಕರಣವನ್ನು ಕೇಳಿದರೆ, ಸರಿಯಾದ ಹೊತ್ತಿಗೆ ಆದುದು ಶೇಕಡ ೧೧ ಮಾತ್ರ. ನೂರಕ್ಕೆ ಮೂವತ್ತೆರಡು ದಿನಗಳಲ್ಲಿ ಕಡತವನ್ನು ತೆರೆದೇ ಇರಲಿಲ್ಲ; ಆದರೂ ಆ ದಿನಗಳ ಅಂಕಣಗಳು ಬಹುಪಾಲು ತುಂಬಿದ್ದವು. ಯಂತ್ರ ಪಡೆದವರಲ್ಲಿ ಹೊತ್ತಿಗೆ ಸರಿಯಾಗಿ ದಾಖಲಿಸಿದ ಪ್ರಮಾಣ ಶೇಕಡ ೯೪.

ಹೀಗೆ ತುಂಬಿದ ಪುಸ್ತಕದಿಂದ ಆಗುವ ಅನರ್ಥವೇನು? ಮೂರು ನೂರು, ಮೂರು ನೂರು, ಮೂರು ನೂರ ಹತ್ತು ಎಂದು ನೆಟ್ಟಗೆ ಸಾಗುವ ಅಂಕಿಗಳನ್ನು ಕಂಡ ವೈದ್ಯರು ರೋಗವು ಹತೋಟಿಗೆ ಬಂದಿದೆಯೆಂದು ಭಾವಿಸಿ ಔಷಧವನ್ನು ಇಳಿಸಬಹುದು. ನಿಜದಲ್ಲಿ ಆ ಬಾಲಕನು ವಾರಕ್ಕೆ ಮೂರು ಇರುಳು ಎದ್ದು ಕುಳಿತಿರಬಹುದು. ಇದಕ್ಕೆ ತಿರುಗುಮುರುಗಾಗಿ, ಬಂದ ದಿನದ ಬಾಧೆಯನ್ನೇ ತಿಂಗಳಿಗೆಲ್ಲ ಹಂಚಿ ಬರೆದರೆ ಬೇಡದ ಔಷಧವು ಏರಬಹುದು. ಮನುಷ್ಯನ ನೆನಪು ಇತ್ತೀಚಿನದನ್ನೂ ತೀವ್ರವಾದುದನ್ನೂ ಹಿಗ್ಗಿಸುತ್ತದೆ, ಉಳಿದುದನ್ನು ಕುಗ್ಗಿಸುತ್ತದೆ. ಈ ದೋಷದಿಂದ ಪಾರಾಗಲೆಂದೇ ಏರ್ಪಟ್ಟ ದಿನಚರಿಯನ್ನು ನೆನಪಿನಿಂದಲೇ ತುಂಬುವುದಾದರೆ ಏರ್ಪಾಟಿನ ಉದ್ದೇಶವೇ ಕೆಟ್ಟಿತು. ದಿನಚರಿಯೇ ಇಲ್ಲದಿದ್ದರೆ ವೈದ್ಯರು ನಾಲ್ಕು ಪ್ರಶ್ನೆ ಹೆಚ್ಚಾಗಿ ಕೇಳಿಯಾರು. ಸುಳ್ಳು ದಿನಚರಿ ಎದುರಿಗಿದ್ದರೆ ಆ ಪ್ರಶ್ನೆಗಳೂ ನಿಂತುಹೋಗುತ್ತವೆ.

ಇಲ್ಲಿಗೆ ವಾದವು ಮುಗಿಯಿತು, ಯಂತ್ರವೇ ಗೆದ್ದಿತು ಎಂದು ಹಲವರು ಹೇಳುವರು. ಯಂತ್ರದ ಹಿರಿಮೆಯನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಅದು ಬರೆದ ಗಳಿಗೆಯನ್ನು ತಾನೇ ನಮೂದಿಸುತ್ತದೆ. ಹೊತ್ತಾದಾಗ ಸದ್ದುಮಾಡಿ ಎಚ್ಚರಿಸುತ್ತದೆ. ನಿನ್ನೆಯ ಬಾಗಿಲನ್ನು ಇಂದು ತೆರೆಯಗೊಡದಂತೆ ಅದನ್ನು ಕಟ್ಟಬಹುದು. ಹೊಸ ಔಷಧಗಳ ಪರೀಕ್ಷೆಯಲ್ಲಿ, ಅಂದರೆ ಕೆಲವರ ಅಂಕಿಗಳನ್ನು ನಂಬಿ ಕೋಟಿ ಜನರಿಗೆ ಔಷಧವನ್ನು ವಿಧಿಸಬೇಕಾದ ಕಡೆಯಲ್ಲಿ, ವಿದ್ಯುನ್ಮಾನ ದಿನಚರಿಯೇ ಯೋಗ್ಯವೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಅಲ್ಲಿ ಕಾಗದವನ್ನು ನೆಚ್ಚುವುದು ಅಸಡ್ಡೆಯೇ ಸರಿ.

ಆದರೆ ಯಂತ್ರವು ಕಾಯುವುದು ವೇಳೆಯನ್ನು, ಸತ್ಯವನ್ನಲ್ಲ. ಈ ಭೇದವನ್ನು ಮರೆಯಬಾರದು. ಇರುಳೆಲ್ಲ ಕೆಮ್ಮಿದವನು ಬೆಳಗ್ಗೆ ಏಳು ಗಂಟೆಗೆ ಸರಿಯಾಗಿ "ಬಾಧೆಯಿಲ್ಲ" ಎಂಬ ಗುಂಡಿಯನ್ನು ಒತ್ತಿದರೆ, ಯಂತ್ರವು ಆ ಸುಳ್ಳಿಗೆ ಗಳಿಗೆಯ ಮುದ್ರೆಯೊತ್ತಿ ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ೧೯೯೨ರಲ್ಲಿ ಅಮೆರಿಕದಿಂದ ವರದಿಯಾದ ಒಂದು ಪ್ರಸಂಗ ಇಲ್ಲಿ ಸ್ಮರಣೀಯ. ಧೂಮಪಾನದಿಂದ ಶ್ವಾಸಕೋಶ ಕೆಡತೊಡಗಿದ್ದವರಿಗೆ ದಿನಕ್ಕೆ ಮೂರು ಹೊತ್ತು ಸೇದಲು ಇನ್‌ಹೇಲರನ್ನು ಕೊಟ್ಟು, ಪ್ರತಿ ಒತ್ತಿಗೂ ವೇಳೆಯನ್ನು ಗುಟ್ಟಾಗಿ ದಾಖಲಿಸುವ ಉಪಕರಣವನ್ನು ಅದಕ್ಕೆ ಜೋಡಿಸಿದ್ದರು. ಕೆಲವರು ವೈದ್ಯರನ್ನು ಕಾಣುವ ಮುನ್ನ ಮೂರು ಗಂಟೆಗಳ ಒಳಗೆ ನೂರಕ್ಕಿಂತ ಹೆಚ್ಚು ಸಲ ಒತ್ತಿ ಡಬ್ಬಿಯನ್ನು ಬರಿದುಮಾಡಿದ್ದು ಬಯಲಾಯಿತು. ಔಷಧವು ಗಾಳಿಗೆ ಹೋಯಿತು, ಡಬ್ಬಿ ಹಗುರವಾಯಿತು, ಆಜ್ಞೆಯನ್ನು ಪಾಲಿಸಿದಂತಾಯಿತು! ಪುಸ್ತಕದಲ್ಲಿ ಸುಳ್ಳು ಬರೆಯುವ ಕೈಯೇ ಡಬ್ಬಿಯ ಮೂಲಕವೂ ಸುಳ್ಳು ಹೇಳಿತು. ಸಾಧನವನ್ನು ಬದಲಿಸಿದ ಮಾತ್ರಕ್ಕೆ ಮನಸ್ಸು ಬದಲಾಗದು.

ಯಂತ್ರಕ್ಕೆ ಬೇರೆ ತೊಡಕುಗಳೂ ಉಂಟು. ಇಂದಿನ ವಿದ್ಯುನ್ಮಾನ ದಿನಚರಿ ಬಹುಮಟ್ಟಿಗೆ ಮೊಬೈಲ್ ಫೋನಿನಲ್ಲಿ ನೆಲೆಸಿರುವುದು. ಎಷ್ಟೋ ಮನೆಗಳಲ್ಲಿ ಫೋನು ಒಂದೇ. ಅದು ತಂದೆಯ ಅಂಗಿಯ ಜೇಬಿನಲ್ಲಿ ಹೊಲಕ್ಕೋ ಅಂಗಡಿಗೋ ಹೋಗಿಬಿಡುತ್ತದೆ. ಉಬ್ಬಸವಿರುವುದು ಮನೆಯಲ್ಲಿರುವ ಮಗಳಿಗೆ. ಶಾಲೆಗಳಲ್ಲಿ ಮಕ್ಕಳು ಫೋನನ್ನು ತರುವುದು ಸಾಮಾನ್ಯವಾಗಿ ನಿಷಿದ್ಧ. ಪ್ರಶ್ನೆಗಳು ಇಂಗ್ಲಿಷಿನಲ್ಲಿದ್ದರೆ "ಎದೆಬಿಗಿತ" ಮತ್ತು "ಎದೆನೋವು" ಎಂಬುವುಗಳ ಅಂತರವು ತಾಯಿಗೆ ತಿಳಿಯದೆ ಉತ್ತರವೇ ತಪ್ಪಾಗಬಹುದು. ಇನ್ನು, ಪುಸ್ತಕವು ಗೂಡಿನಲ್ಲಿ ಇರುತ್ತದೆ, ಅದನ್ನು ಓದಿದವರು ಯಾರೆಂದು ಗೊತ್ತು. ಆ್ಯಪಿನಲ್ಲಿ ಬರೆದ ಮಗುವಿನ ಉಸಿರಿನ ಲೆಕ್ಕ ಯಾರ ಭಂಡಾರ ಸೇರುತ್ತದೆಂಬುದು ತಂದೆತಾಯಿಗಳಿಗೆ ಸುಲಭವಾಗಿ ತಿಳಿಯದು. ೨೦೨೩ರಲ್ಲಿ ಭಾರತದ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಶಾಸನವು ಹದಿನೆಂಟು ತುಂಬದವರ ವಿಷಯದಲ್ಲಿ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಓದಿ ತಿಳಿದು ಕೊಟ್ಟರೆ ಮಾತ್ರ ಆ ಒಪ್ಪಿಗೆಗೆ ಅರ್ಥ.

ಹಾಗಾದರೆ ಮೂಲ ಪ್ರಶ್ನೆ ಬೇರೆಯೇ ಇದೆ. ತನ್ನದೇ ಪ್ರಾಣದ ಲೆಕ್ಕದಲ್ಲಿ ಮನುಷ್ಯನು ಏಕೆ ಸುಳ್ಳು ಬರೆಯುತ್ತಾನೆ? "ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬ ಗಾದೆಯು ಇದಕ್ಕೆ ಉತ್ತರ ಕೊಡುತ್ತದೆ. ದಿನಚರಿಯು ಊಟದಂತೆ ತನಗಾಗಿ ಇರಬೇಕಾದುದು. ಅದು ಉಡಿಗೆಯಂತೆ ಪರರ ನೋಟಕ್ಕಾಗಿ ಆಗಿಬಿಟ್ಟಿದೆ. ವೈದ್ಯರು ಗದರಿಸಿಯಾರು, ತಾಯಿ ನೊಂದುಕೊಂಡಾಳು, ಮೇಷ್ಟರು ಬೇಸರಪಟ್ಟಾರು ಎಂಬ ಅಂಜಿಕೆಯಿಂದ ತೆರವಾದ ಅಂಕಣವು ತುಂಬುತ್ತದೆ. ವಂಚಿಸುವ ಬುದ್ಧಿಗಿಂತ ಒಳ್ಳೆಯವನೆನಿಸಿಕೊಳ್ಳುವ ಆಸೆಯೇ ಇದರಲ್ಲಿ ಹೆಚ್ಚು. ಇದಕ್ಕೆ ಜೊತೆಯಾಗಿ ಇನ್ನೊಂದು ಕಾರಣವೂ ಇದೆ. ಮೂರು ತಿಂಗಳು ಶ್ರದ್ಧೆಯಿಂದ ಬರೆದ ಪುಸ್ತಕವನ್ನು ವೈದ್ಯರು ತೆರೆಯದೆ ಬದಿಗಿಟ್ಟರೆ ನಾಲ್ಕನೆಯ ತಿಂಗಳಿನಲ್ಲಿ ಬರೆಯುವ ಕೈ ಸೋಲುತ್ತದೆ. ಓದುವವರಿಲ್ಲದ ದಿನಚರಿಯು ಬರೆಯುವವರಿಲ್ಲದ ದಿನಚರಿಯಾಗುವುದು ಸಹಜ.

ಆದಕಾರಣ ಕಾಗದವಾಗಲಿ ಯಂತ್ರವಾಗಲಿ, ಮೊದಲು ನೆಲೆಗೊಳ್ಳಬೇಕಾದುದು ಒಂದು ನಡವಳಿಕೆ. ತೆರವಾದ ಅಂಕಣವು ಅಪರಾಧವಲ್ಲವೆಂಬುದನ್ನು ರೋಗಿಗೆ ಮೊದಲ ದಿನವೇ ಹೇಳಬೇಕು. ಸುಳ್ಳಿನಿಂದ ತುಂಬಿದ ಸಾಲಿಗಿಂತ ಬರಿದಾದ ಸಾಲು ಮೇಲು. ಬರಿದಾದ ಸಾಲೂ ಒಂದು ಮಾತನ್ನು ಹೇಳುತ್ತದೆ. ಪರೀಕ್ಷೆಯ ವಾರವೆಲ್ಲ ಅಂಕಣಗಳು ಬರಿದಾಗಿದ್ದರೆ ಔಷಧವೂ ಆ ವಾರ ತಪ್ಪಿರಬಹುದೆಂದು ವಿವೇಕಿಯಾದ ವೈದ್ಯರು ಊಹಿಸಬಲ್ಲರು. ಮರೆತು ಬಳಿಕ ಬರೆದರೆ "ಮರುದಿನ ಬರೆದದ್ದು" ಎಂದು ಪಕ್ಕದಲ್ಲಿ ಎರಡು ಮಾತು ಸೇರಿಸಿದರೆ ಸಾಕು, ಕಾಗದದ ದೋಷದ ಬಹುಪಾಲು ಪರಿಹಾರವಾಗುತ್ತದೆ.

ಎರಡನೆಯದಾಗಿ, ಕೇಳುವುದು ಕಡಿಮೆಯಿರಬೇಕು. ವರ್ಷವಿಡೀ ದಿನಕ್ಕೆರಡು ಸಲ ಊದಿ ಬರೆಯೆಂದು ಎಲ್ಲರಿಗೂ ವಿಧಿಸಿದರೆ, ಆ ವಿಧಿಯೇ ಸುಳ್ಳಿಗೆ ತಾಯಿಯಾಗುತ್ತದೆ. ೧೯೯೩ರಲ್ಲಿ ಆರಂಭಗೊಂಡ ಜಾಗತಿಕ ಆಸ್ತಮಾ ಉಪಕ್ರಮವು, ಅಂದರೆ ಜೀನಾ, ರೋಗವು ಹತೋಟಿಯಲ್ಲಿದೆಯೇ ಎಂಬುದನ್ನು ತಿಳಿಯಲು ಹಿಂದಿನ ನಾಲ್ಕು ವಾರಗಳನ್ನು ಕುರಿತು ನಾಲ್ಕೇ ಪ್ರಶ್ನೆಗಳನ್ನು ಇಟ್ಟುಕೊಂಡಿದೆ: ಹಗಲಿನ ಬಾಧೆ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚಾಗಿತ್ತೇ, ಇರುಳು ಎಚ್ಚರವಾಯಿತೇ, ಉಪಶಮನದ ಇನ್‌ಹೇಲರು ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಯಿತೇ, ಆಟಪಾಠಗಳಿಗೆ ಅಡ್ಡಿಯಾಯಿತೇ. ನಿತ್ಯದ ಕಾಲದಲ್ಲಿ ಇಷ್ಟು ಸಾಕು. ರೋಗನಿರ್ಣಯದ ಸಮಯದಲ್ಲಿ, ಔಷಧವನ್ನು ಬದಲಿಸಿದಾಗ, ಬಾಧೆ ಹೆಚ್ಚುವ ಋತುವಿನಲ್ಲಿ, ವೈದ್ಯರನ್ನು ಕಾಣುವ ಮುಂಚಿನ ಎರಡು ವಾರಗಳಲ್ಲಿ ಮಾತ್ರ ದಿನದಿನದ ಬರಹ ಇದ್ದರೆ ಆ ಬರಹಕ್ಕೆ ತೂಕವಿರುತ್ತದೆ. ತಮ್ಮ ಉಸಿರಿನ ಬಿಗಿತವನ್ನು ತಾವೇ ಗ್ರಹಿಸಲಾರದವರೂ ಈ ಹಿಂದೆ ಪ್ರಾಣಾಪಾಯಕ್ಕೆ ಒಳಗಾದವರೂ ಇದಕ್ಕೆ ಅಪವಾದ. ಅಂಥವರು ವೈದ್ಯರು ಹೇಳಿದಷ್ಟು ಕಾಲವೂ ಊದಿ ಅಳೆಯುತ್ತಿರಲೇಬೇಕು.

ಮೂರನೆಯದಾಗಿ, ಬರೆದುದನ್ನು ರೋಗಿಯ ಎದುರಿಗೇ ಓದಬೇಕು. ಇದು ವೈದ್ಯರ ಹೊಣೆ. ಬಾಧೆಯಿದ್ದ ಇರುಳನ್ನು ಬೆರಳಿನಿಂದ ತೋರಿಸಿ, ಆ ದಿನ ಮನೆಯಲ್ಲಿ ಧೂಳು ಹೊಡೆದರೇ, ಊದುಬತ್ತಿ ಹಚ್ಚಿದರೇ, ಒಲೆಯ ಹೊಗೆ ತುಂಬಿತೇ ಎಂದು ಕೇಳಿದರೆ ಆ ಬರಹಕ್ಕೆ ಫಲ ಬಂದಂತಾಯಿತು. ದಿನಚರಿಯ ಬೆನ್ನಿಗೇ, ಹಸುರಿನಲ್ಲಿ ಏನು ಮಾಡಬೇಕು, ಹಳದಿಯಲ್ಲಿ ಏನು, ಕೆಂಪಿನಲ್ಲಿ ಯಾವ ಆಸ್ಪತ್ರೆಗೆ ಧಾವಿಸಬೇಕು ಎಂಬ ಲಿಖಿತ ಸೂಚನೆಯೂ ಇರಬೇಕು. ಅಂಕಿಯನ್ನು ಬರೆದು ಮುಂದೇನೆಂದು ತಿಳಿಯದಿದ್ದರೆ ಬರೆದ ಅಂಕಿಯು ಯಾರನ್ನೂ ಕಾಪಾಡದು.

ಶಾಲೆಗಳಿಗೂ ಇಲ್ಲಿ ಕರ್ತವ್ಯವಿದೆ. ಉಬ್ಬಸವಿರುವ ವಿದ್ಯಾರ್ಥಿಯ ಹೆಸರನ್ನೂ ಅವನ ಇನ್‌ಹೇಲರಿನ ಸ್ಥಳವನ್ನೂ ತರಗತಿಯ ಶಿಕ್ಷಕರು ಅರಿತಿರಬೇಕು. ಆಟದ ಬಯಲಿನಲ್ಲಿ ಕೆಮ್ಮಿ ನಿಂತ ಬಾಲಕನನ್ನು ಸೋಮಾರಿಯೆಂದು ಜರೆಯದೆ, ಅದನ್ನು ಅವನ ಪುಸ್ತಕದಲ್ಲಿ ಒಂದು ಸಾಲಾಗಿ ಬರೆಯಲು ನೆನಪಿಸಿದರೆ ತಾಯಿಗೂ ವೈದ್ಯರಿಗೂ ಕಾಣದ ಹಗಲಿಗೆ ಒಬ್ಬ ಸಾಕ್ಷಿ ದೊರೆತಂತಾಗುತ್ತದೆ. ಮುಖ್ಯವಾಗಿ, ಬರೆಯದಿದ್ದುದನ್ನು ಬರೆಯಲಿಲ್ಲವೆಂದು ಒಪ್ಪಿಕೊಳ್ಳುವ ಧೈರ್ಯವನ್ನು ಮಕ್ಕಳಲ್ಲಿ ಬೆಳೆಸುವುದು ವಿದ್ಯಾಶಾಲೆಯ ಕೆಲಸ. ತಪ್ಪು ಲೆಕ್ಕಕ್ಕಿಂತ ನಕಲು ಮಾಡಿದ ಸರಿಲೆಕ್ಕವನ್ನು ಹೆಚ್ಚು ಮೆಚ್ಚುವ ತರಗತಿಯಿಂದ ನಿಜವಾದ ದಿನಚರಿಯನ್ನು ಬರೆಯುವ ರೋಗಿಯು ಹೊರಬರುವುದು ಕಷ್ಟ.

ಯಂತ್ರವನ್ನು ಕೊಳ್ಳಬಲ್ಲವರು ಕೊಳ್ಳಲಿ. ಅದು ಅವರಿಗೆ ಹೊತ್ತನ್ನು ನೆನಪಿಸಲಿ. ಎರಡು ಗೆರೆಯ ಪುಸ್ತಕವೇ ಸಾಕೆನ್ನುವವರು ಅದರಲ್ಲಿಯೇ ಬರೆಯಲಿ. ಎರಡರಲ್ಲಿಯೂ ಅಂದಿನದನ್ನು ಅಂದೇ ಬರೆಯುವ ಪದ್ಧತಿಯಿರಲಿ, ಬರೆಯದ ದಿನ ಬರಿದಾಗಿಯೇ ಉಳಿಯಲಿ. ಹಾಗೆ ಬರೆದ ಹದಿನಾಲ್ಕು ಸಾಲುಗಳು, ಅವುಗಳಲ್ಲಿ ಐದು ಬರಿದಾಗಿದ್ದರೂ, ವೈದ್ಯರ ಮುಂದೆ ರೋಗಿಯ ಪರವಾಗಿ ನಿಜವನ್ನು ನುಡಿಯುತ್ತವೆ. ಮುಂದಿನ ಇರುಳು ಆ ಮನೆಯ ಮಗುವು ಮಲಗಿ ನಿದ್ರಿಸುವುದಕ್ಕೆ ದಾರಿಯಾಗುತ್ತವೆ.